ಬೋರ್ನಿಯೋದಲ್ಲಿ ಹಾವೂ ತೇಲುತ್ತದೆ, ಅಮೆಜಾನ್‌ನಲ್ಲಿ ಅಳಿಲೂ ತೇಲುವುದಿಲ್ಲ: ಒಂದು ಪ್ರಕರಣ ಅಧ್ಯಯನ

ಭೂಮಿಯ ದೊಡ್ಡ ಮಳೆಕಾಡುಗಳು ಮುಖ್ಯವಾಗಿ ಮೂರು ಕಡೆ ಇವೆ. ದಕ್ಷಿಣ ಅಮೆರಿಕದಲ್ಲಿ ಅಮೆಜಾನ್, ಆಫ್ರಿಕಾದ ನಡುವೆ ಕಾಂಗೋ, ಆಗ್ನೇಯ ಏಷ್ಯಾದಲ್ಲಿ ಬೋರ್ನಿಯೋ ಮತ್ತು ಅದರ ಸುತ್ತಲಿನ ಸುಮಾತ್ರಾ, ಮಲಯ ಪ್ರದೇಶ. ಮೂರೂ ಸಮಭಾಜಕ ವೃತ್ತದ ಆಸುಪಾಸಿನಲ್ಲೇ ಇವೆ. ಮೂರರಲ್ಲೂ ಮಳೆ ಜಾಸ್ತಿ, ಸೆಕೆ ಜಾಸ್ತಿ, ಮರದ ಮೇಲೆ ಬದುಕುವ ಪ್ರಾಣಿಗಳೂ ಜಾಸ್ತಿ. ಹಾಗಿದ್ದರೆ ಮರದಿಂದ ಮರಕ್ಕೆ ದಾಟುವ ಒಂದೇ ಕಷ್ಟಕ್ಕೆ ಮೂರೂ ಕಡೆ ಒಂದೇ ಪರಿಹಾರ ಹುಟ್ಟಬೇಕಿತ್ತು, ಅಲ್ವಾ? ಹುಟ್ಟಿಲ್ಲ.

ಬೋರ್ನಿಯೋದ ಕಾಡಿನಲ್ಲಿ ಓತಿ ಗಾಳಿಯಲ್ಲಿ ತೇಲುತ್ತದೆ. ಹಲ್ಲಿ ತೇಲುತ್ತದೆ. ಕಪ್ಪೆ ತೇಲುತ್ತದೆ. ಹಾವು ಕೂಡ ತೇಲುತ್ತದೆ. ಹಾರುವ ಅಳಿಲುಗಳಲ್ಲೇ ಹತ್ತಕ್ಕಿಂತ ಜಾಸ್ತಿ ಜಾತಿಗಳಿವೆ. ಇವೆಲ್ಲ ಸಾಲದು ಅಂತ ಕೊಲುಗೊ ಎಂಬ ವಿಚಿತ್ರ ಪ್ರಾಣಿಯೂ ಇದೆ. ಅಮೆಜಾನ್‌ಗೆ ಹೋದರೆ ಗಾಳಿಯಲ್ಲಿ ತೇಲುವ ಒಂದು ಸಸ್ತನಿಯೂ ಸಿಗುವುದಿಲ್ಲ. ಅಲ್ಲಿ ಅಳಿಲುಗಳಿವೆ, ಆದರೆ ಅವು ಮಾಮೂಲಿ ಅಳಿಲುಗಳು. ಆಫ್ರಿಕಾ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿ ತೇಲುವ ಪ್ರಾಣಿಗಳು ಇವೆ, ಆದರೆ ಬೆರಳೆಣಿಕೆಯಷ್ಟು.

ಈ ವ್ಯತ್ಯಾಸ ಯಾಕೆ ಎಂದು ಜೀವಶಾಸ್ತ್ರಜ್ಞರು ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳ ಆಡುತ್ತಿದ್ದಾರೆ. ಪ್ರಾಣಿಗಳು ತೇಲಲು ಕಲಿತದ್ದು ಹೇಗೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಇಲ್ಲ ಅನ್ನಿಸುತ್ತದೆ. ಮೂರು ಖಂಡಗಳಲ್ಲಿ ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದು. ನಾವು ಹೋಲಿಸಿ ನೋಡಿದರೆ ಸಾಕು.

ಮೊದಲು ತೇಲುವುದು ಅಂದರೇನು

ಹಕ್ಕಿ, ಬಾವಲಿ, ಕೀಟ ಇವು ರೆಕ್ಕೆ ಬಡಿದು ಹಾರುತ್ತವೆ. ಸ್ನಾಯುವಿನ ಬಲದಿಂದ ಎತ್ತರಕ್ಕೂ ಏರಬಲ್ಲವು. ತೇಲುವ ಪ್ರಾಣಿಗೆ ಆ ಶಕ್ತಿ ಇಲ್ಲ. ಅದು ಎತ್ತರದಿಂದ ಜಿಗಿದು, ಬೀಳುವ ವೇಗವನ್ನೇ ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ. ಇಳಿಯುವ ದಾರಿ ನೆಲದೊಂದಿಗೆ 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿದ್ದರೆ ಅದನ್ನು ಗ್ಲೈಡಿಂಗ್ ಅನ್ನುತ್ತಾರೆ. ಅದಕ್ಕಿಂತ ಕಡಿದಾಗಿದ್ದರೆ ಪ್ಯಾರಾಶೂಟಿಂಗ್. ಗೆರೆ ಎಳೆದವರು ನಾವು, ಪ್ರಾಣಿಗಳಲ್ಲ. ಒಂದೇ ಕಪ್ಪೆ ಒಂದು ಸಲ ಗೆರೆಯ ಈಚೆ, ಇನ್ನೊಂದು ಸಲ ಆಚೆ ಇಳಿಯಬಹುದು.

ಇಲ್ಲೊಂದು ಸಣ್ಣ ಲೆಕ್ಕ ಹಾಕಿಕೊಳ್ಳೋಣ, ಮುಂದೆ ಉಪಯೋಗಕ್ಕೆ ಬರುತ್ತದೆ. ಜಿಗಿದ ತಕ್ಷಣ ಪ್ರಾಣಿ ಸುಮ್ನೆ ಬೀಳುತ್ತದೆ. ವೇಗ ಬಂದ ಮೇಲೆಯೇ ಚರ್ಮದ ಪೊರೆ ಗಾಳಿಯನ್ನು ಹಿಡಿದು ಮೇಲೆತ್ತುವ ಬಲ ಹುಟ್ಟಿಸುವುದು. ಈ ಆರಂಭದ ಬೀಳುವಿಕೆಗೆ 5 ಮೀಟರ್ ಖರ್ಚಾಯಿತು ಅನ್ನಿ. ಆಮೇಲೆ ಒಂದು ಮೀಟರ್ ಇಳಿದರೆ ಎರಡು ಮೀಟರ್ ಮುಂದೆ ಹೋಗುತ್ತದೆ ಅನ್ನಿ. 10 ಮೀಟರ್ ಎತ್ತರದ ಕೊಂಬೆಯಿಂದ ಜಿಗಿದರೆ ಉಳಿದ 5 ಮೀಟರ್ ಇಳಿತಕ್ಕೆ 10 ಮೀಟರ್ ದೂರ ದಕ್ಕುತ್ತದೆ. 40 ಮೀಟರ್ ಎತ್ತರದಿಂದ ಜಿಗಿದರೆ 70 ಮೀಟರ್. ಎತ್ತರ ನಾಲ್ಕು ಪಟ್ಟು, ದೂರ ಏಳು ಪಟ್ಟು. ಕುಳ್ಳ ಮರದ ಮೇಲೆ ತೇಲುವುದು ನಷ್ಟದ ವ್ಯಾಪಾರ. ಎತ್ತರದ ಮರದ ಮೇಲೆ ಅದೇ ವ್ಯಾಪಾರ ಲಾಭಕ್ಕೆ ತಿರುಗುತ್ತದೆ.

ಗಾತ್ರದ ಲೆಕ್ಕವೂ ಇದೆ. ಪ್ರಾಣಿಯ ಉದ್ದ ಎರಡು ಪಟ್ಟಾದರೆ ಪೊರೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಹಾರುವ ಓತಿಗಳಲ್ಲಿ ಸಣ್ಣ ಜಾತಿಗಳು ದೊಡ್ಡ ಜಾತಿಗಳಿಗಿಂತ ಚೆನ್ನಾಗಿ ತೇಲುತ್ತವೆ.

ಹತ್ತಿರದಿಂದ ಎರಡು ಪ್ರಾಣಿಗಳು

ಹಾರುವ ಓತಿಯ ವೈಜ್ಞಾನಿಕ ಹೆಸರು ಡ್ರಾಕೊ. ಸುಮಾರು 40 ಜಾತಿಗಳಿವೆ. ಹೆಚ್ಚಿನವು ಆಗ್ನೇಯ ಏಷ್ಯಾದಲ್ಲಿವೆ, ಒಂದು ಜಾತಿ ದಕ್ಷಿಣ ಭಾರತದ ಪಶ್ಚಿಮ ಘಟ್ಟದಲ್ಲಿದೆ. ಸುಮ್ಮನೆ ಕಾಂಡಕ್ಕೆ ಅಂಟಿ ಕೂತಾಗ ಇದು ತೊಗಟೆ ಬಣ್ಣದ ಒಂದು ಸಪೂರ ಓತಿ, ಅಷ್ಟೇ. ರೆಕ್ಕೆ ಎಲ್ಲಿದೆ ಅಂತ ಹುಡುಕಿದರೂ ಕಾಣುವುದಿಲ್ಲ. ಅದರ ಕೆಲವು ಪಕ್ಕೆಲುಬುಗಳು ಎದೆಗೂಡನ್ನು ಬಿಟ್ಟು ಹೊರಕ್ಕೆ ಉದ್ದವಾಗಿ ಬೆಳೆದಿವೆ. ಜಾತಿಯ ಮೇಲೆ ಐದರಿಂದ ಏಳು ಜೊತೆ. ಅವುಗಳ ಮೇಲೆ ಚರ್ಮ ಹೊದಿಸಿದೆ. ಕೂತಾಗ ಅವು ಮೈಗೆ ಒತ್ತಿಕೊಂಡು ಮಡಚಿರುತ್ತವೆ.

ಜಿಗಿಯುವಾಗ ನಡೆಯುವುದನ್ನು ಬಿಡಿಸಿ ನೋಡಿದರೆ ಹೀಗಿದೆ. ಓತಿ ಕಾಂಡದಿಂದ ತಲೆ ಕೆಳಗೆ ಮಾಡಿ ಹಾರುತ್ತದೆ. ಪಕ್ಕೆಲುಬುಗಳು ಬಿಚ್ಚಿಕೊಳ್ಳುತ್ತವೆ. ಮುಂದಿನ ಕೈಗಳನ್ನು ಹಿಂದಕ್ಕೆ ಚಾಚಿ, ಉಗುರಿನಿಂದ ಪೊರೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಈಗ ಕೈ ಮತ್ತು ಪೊರೆ ಸೇರಿ ಒಂದೇ ರೆಕ್ಕೆ. ಬೆನ್ನು ಬಾಗಿಸಿ ರೆಕ್ಕೆಗೆ ಉಬ್ಬು ಕೊಡುತ್ತದೆ. ಗುರಿಯ ಮರ ಹತ್ತಿರ ಬಂದಾಗ ಮೈಯನ್ನು ಮೇಲಕ್ಕೆ ಎತ್ತಿ ವೇಗ ಕಳೆದುಕೊಳ್ಳುತ್ತದೆ, ಅಂಚನ್ನು ಬಿಟ್ಟು ಕೈ ಮುಂದೆ ಚಾಚಿ ಕಾಂಡ ಹಿಡಿಯುತ್ತದೆ. ಕೈಯಿಂದ ಅಂಚು ಹಿಡಿಯುವ ಈ ಸಂಗತಿಯನ್ನು ವಿವರವಾಗಿ ವರದಿ ಮಾಡಿದ್ದು 2017ರಲ್ಲಿ, ಅದೂ ಪಶ್ಚಿಮ ಘಟ್ಟದ ಓತಿಯನ್ನು ನೋಡಿ. ಅಲ್ಲಿಯವರೆಗೆ ಪಕ್ಕೆಲುಬೇ ಎಲ್ಲ ಕೆಲಸ ಮಾಡುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ವಿಜ್ಞಾನಕ್ಕೆ ಗೊತ್ತಿದ್ದ ಪ್ರಾಣಿ ಇದು!

ಇದರ ಊಟ ಮುಖ್ಯವಾಗಿ ಇರುವೆ. ಗಂಡು ಒಂದೆರಡು ಮರಗಳನ್ನು ತನ್ನದು ಅಂತ ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಗಂಟಲ ಚೀಲ ಬಿಚ್ಚಿ ಹೆದರಿಸುತ್ತದೆ, ತೇಲಿಕೊಂಡು ಬೆನ್ನಟ್ಟುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಹೆಚ್ಚಾಗಿ ಮೊಟ್ಟೆ ಇಡಲು. ಈ ವಿವರಗಳನ್ನು ನೆನಪಿಟ್ಟುಕೊಳ್ಳಿ.

ಕೊಲುಗೊ ಬೇರೆಯೇ ಕಥೆ. ಒಂದೆರಡು ಕಿಲೋ ತೂಗುವ ಸಸ್ತನಿ. ಕೆಲವರು ಹಾರುವ ಲೀಮರ್ ಅನ್ನುತ್ತಾರೆ. ಅದು ಲೀಮರ್ ಅಲ್ಲ, ಹಾರುವುದೂ ಇಲ್ಲ. ಕೋತಿ, ಲೀಮರ್, ಮನುಷ್ಯ ಎಲ್ಲ ಸೇರಿದ ಪ್ರೈಮೇಟ್ ಬಳಗಕ್ಕೆ ಹತ್ತಿರದ ನೆಂಟ. ಇದರ ಪೊರೆ ಕುತ್ತಿಗೆಯಿಂದ ಶುರುವಾಗಿ ಕೈಬೆರಳ ತುದಿ, ಕಾಲ್ಬೆರಳ ತುದಿ ದಾಟಿ ಬಾಲದ ತುದಿವರೆಗೆ ಹೋಗುತ್ತದೆ. ಬೇರೆ ಯಾವ ತೇಲುವ ಸಸ್ತನಿಗೂ ಇಷ್ಟು ದೊಡ್ಡ ಪೊರೆ ಇಲ್ಲ. ಹುಟ್ಟಿದ ಮರಿ ತೀರ ಎಳಸು. ತಾಯಿ ಅದನ್ನು ಹೊಟ್ಟೆಗೆ ಅಂಟಿಸಿಕೊಂಡೇ ತೇಲುತ್ತದೆ, ಕೂತಾಗ ಅದೇ ಪೊರೆ ಮರಿಗೆ ತೊಟ್ಟಿಲಿನಂತೆ ಆಗುತ್ತದೆ. ಒಂದೇ ನೆಗೆತಕ್ಕೆ 100 ಮೀಟರ್ ದಾಟಬಲ್ಲ ಈ ಪ್ರಾಣಿ ಮರ ಹತ್ತುವುದನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ಕಾಂಡ ತಬ್ಬಿಕೊಂಡು ಕುಪ್ಪಳಿಸಿ ಕುಪ್ಪಳಿಸಿ ಏರುತ್ತದೆ.

ವಿಜ್ಞಾನಿಗಳು ಕೊಲುಗೊಗಳ ಬೆನ್ನಿಗೆ ಚಲನೆ ದಾಖಲಿಸುವ ಪುಟ್ಟ ಉಪಕರಣ ಅಂಟಿಸಿ ಬಿಟ್ಟರು. 2008 ಮತ್ತು 2011ರಲ್ಲಿ ಪ್ರಕಟವಾದ ಫಲಿತಾಂಶಗಳು ಎರಡು ಹಳೆಯ ನಂಬಿಕೆಗಳನ್ನು ಅಲ್ಲಾಡಿಸಿದವು. ಒಂದು: ದೂರ ತೇಲಿದಷ್ಟೂ ಇಳಿಯುವ ಪೆಟ್ಟು ಕಡಿಮೆ. ಹತ್ತಿರದ ಮರಕ್ಕೆ ಜಿಗಿದರೆ ಬ್ರೇಕ್ ಹಾಕಲು ಸಮಯ ಸಿಗುವುದಿಲ್ಲ, ಜೋರಾಗಿ ಬಡಿಯುತ್ತದೆ. ಇನ್ನೊಂದು ಮುಖ್ಯ: ತೇಲುವುದರಿಂದ ಶಕ್ತಿ ಉಳಿಯುವುದಿಲ್ಲ. ಮತ್ತೆ ಮೇಲೆ ಹತ್ತುವ ಖರ್ಚು ಸೇರಿಸಿದರೆ, ಅಷ್ಟೇ ದೂರವನ್ನು ಕೊಂಬೆಯಿಂದ ಕೊಂಬೆಗೆ ನಡೆದು ಹೋಗುವುದಕ್ಕಿಂತ ಜಾಸ್ತಿ ಶಕ್ತಿ ಬೇಕು. ಉಳಿಯುವುದು ಸಮಯ. ರಾತ್ರಿ ಹೊತ್ತು ಎಳೆಯ ಎಲೆ ಹುಡುಕಿ ತಿನ್ನುವ ಪ್ರಾಣಿಗೆ ಆ ಸಮಯವೇ ದೊಡ್ಡದು. 'ಪುಕ್ಕಟೆ ಪ್ರಯಾಣಕ್ಕಾಗಿ ಪ್ರಾಣಿಗಳು ತೇಲಲು ಕಲಿತವು' ಎಂಬ ಸುಲಭದ ಉತ್ತರಕ್ಕೆ ಇದು ದೊಡ್ಡ ಏಟು.

ಮೂರು ಅನುಮಾನಗಳು

ಬೋರ್ನಿಯೋದಲ್ಲೇ ಯಾಕೆ ಎಂಬುದಕ್ಕೆ ಮೂರು ಉತ್ತರಗಳು ಓಡಾಡುತ್ತಿವೆ.

ಮೊದಲನೆಯದು ಬಳ್ಳಿ. 1983ರಲ್ಲಿ ಲೂಯಿಸ್ ಎಮ್ಮನ್ಸ್ ಮತ್ತು ಆಲ್ವಿನ್ ಜೆಂಟ್ರಿ ಮೂರು ಖಂಡಗಳ ಕಾಡುಗಳನ್ನು ಹೋಲಿಸಿದರು. ದಪ್ಪ ಮರಬಳ್ಳಿಗಳು ಆಫ್ರಿಕಾದಲ್ಲಿ ಜಾಸ್ತಿ, ಅಮೆರಿಕದಲ್ಲಿ ಮಧ್ಯಮ, ಆಗ್ನೇಯ ಏಷ್ಯಾದಲ್ಲಿ ಕಡಿಮೆ ಎಂದು ಕಂಡಿತು. ಬಳ್ಳಿ ಇದ್ದರೆ ಮರದಿಂದ ಮರಕ್ಕೆ ಸೇತುವೆ ಇದ್ದ ಹಾಗಾಯಿತು, ನಡೆದು ಹೋಗಬಹುದು. ಇಲ್ಲದಿದ್ದರೆ ಒಂದೋ ಕೆಳಗಿಳಿದು ಮತ್ತೆ ಹತ್ತಬೇಕು, ಇಲ್ಲವೇ ಗಾಳಿಯಲ್ಲಿ ದಾಟಬೇಕು. ಅಮೆರಿಕದ ಪ್ರಾಣಿಗಳು ಮೂರನೆಯ ದಾರಿ ಹಿಡಿದವು ಎಂದು ಅವರ ವಾದ. ಅಲ್ಲಿ ಸ್ಪೈಡರ್ ಕೋತಿ, ಹೌಲರ್ ಕೋತಿ, ಕಿಂಕಾಜು, ಮರ ಹತ್ತುವ ಇರುವೆಬಾಕ, ಮುಳ್ಳುಹಂದಿ ಹೀಗೆ ಕೊಂಬೆಗೆ ಬಾಲ ಸುತ್ತಿ ನೇತಾಡುವ ಸಸ್ತನಿಗಳು ಎಲ್ಲ ಕಡೆಗಿಂತ ಜಾಸ್ತಿ. ಬಾಲ ಐದನೆಯ ಕೈಯಾದರೆ ಸೂಕ್ಷ್ಮ ಕೊಂಬೆ, ಬಳ್ಳಿಗಳ ಮೇಲೂ ಧೈರ್ಯವಾಗಿ ದಾಟಬಹುದು.

ಕೇಳಲು ಚೆಂದದ ವಾದ. ತೊಂದರೆ ಏನೆಂದರೆ, ಬಳ್ಳಿಗಳ ಸಂಖ್ಯೆ ಖಂಡಕ್ಕೆ ತಕ್ಕಂತೆ ಮಾತ್ರ ಬದಲಾಗುವುದಿಲ್ಲ. ಮಣ್ಣು, ಮಳೆ, ಮರ ಉರುಳಿಬಿದ್ದ ಜಾಗ ಇವುಗಳ ಮೇಲೆ ಒಂದೇ ದ್ವೀಪದೊಳಗೂ ವಿಪರೀತ ಬದಲಾಗುತ್ತದೆ. ಕೆಲವೇ ಜಾಗಗಳ ಎಣಿಕೆಯಿಂದ ಇಡೀ ಖಂಡದ ಬಗ್ಗೆ ತೀರ್ಪು ಕೊಡುವುದು ಕಷ್ಟ.

ಎರಡನೆಯದು ಎತ್ತರ. 1990ರಲ್ಲಿ ರಾಬರ್ಟ್ ಡಡ್ಲಿ ಮತ್ತು ಫಿಲಿಪ್ ಡೆವ್ರೀಸ್ ಬಳ್ಳಿಗಿಂತ ಮರದ ಎತ್ತರ ನೋಡಿ ಎಂದರು. ಆಗ್ನೇಯ ಏಷ್ಯಾದ ಕಾಡನ್ನು ಆಳುವುದು ಡಿಪ್ಟೆರೋಕಾರ್ಪ್ ಮರಗಳು. ನಮಗೆ ಗೊತ್ತಿರುವ ಸಾಲ್ ಮರ, ಧೂಪದ ಮರ ಇದೇ ಬಳಗ. ಕೊಂಬೆಯೇ ಇಲ್ಲದ ಉದ್ದನೆಯ ಕಾಂಡ, ತುದಿಯಲ್ಲಿ ಮಾತ್ರ ಹಂದರ. ಬೋರ್ನಿಯೋದ ದಾನುಮ್ ಕಣಿವೆಯಲ್ಲಿ ಇಂಥ ಒಂದು ಮರ 100.8 ಮೀಟರ್ ಎತ್ತರ ಇರುವುದು 2019ರಲ್ಲಿ ಸುದ್ದಿಯಾಯಿತು. ಹಂದರದ ಕೆಳಗೆ ಹತ್ತಾರು ಮೀಟರ್ ಖಾಲಿ ಜಾಗ. ಮೇಲಿನ ಲೆಕ್ಕ ನೆನಪಿದೆಯಲ್ಲ, ತೇಲಲು ಬೇಕಾದದ್ದು ಇದೇ: ಎತ್ತರ ಮತ್ತು ಅಡ್ಡಿಯಿಲ್ಲದ ದಾರಿ.

ಇದಕ್ಕೂ ಒಂದು ಕೊಕ್ಕೆ ಇದೆ. ಅದೇ 2019ರಲ್ಲಿ ಅಮೆಜಾನ್‌ನಲ್ಲೂ 88.5 ಮೀಟರ್ ಎತ್ತರದ ಮರ ಸಿಕ್ಕಿತು. ಒಂಟಿ ದೈತ್ಯ ಮರಗಳು ಬೇರೆ, ಇಡೀ ಕಾಡಿನ ಸರಾಸರಿ ಎತ್ತರ ಬೇರೆ, ನಿಜ. ಆದರೂ 'ಅಮೆಜಾನ್ ಮರಗಳು ಗಿಡ್ಡ, ಅದಕ್ಕೇ' ಎಂದು ಸಲೀಸಾಗಿ ಹೇಳಿ ಮುಗಿಸಲು ಆಗುವುದಿಲ್ಲ.

ಮೂರನೆಯದು ಹಸಿವು. ಡಿಪ್ಟೆರೋಕಾರ್ಪ್ ಮರಗಳು ಪ್ರಾಣಿಗಳಿಗೆ ಅಷ್ಟು ಉದಾರಿಗಳಲ್ಲ. ಎಲೆಯಲ್ಲಿ ರಾಳ, ಒಗರು. ಹಣ್ಣು ಪ್ರತಿ ವರ್ಷ ಬಿಡುವುದಿಲ್ಲ. ಎರಡರಿಂದ ಹತ್ತು ವರ್ಷಕ್ಕೊಮ್ಮೆ, ಹೆಚ್ಚಾಗಿ ಎಲ್ ನಿನೋ ಬಂದಾಗ, ಇಡೀ ಕಾಡು ಒಟ್ಟಿಗೆ ಬೀಜ ಸುರಿಯುತ್ತದೆ. ತಿನ್ನುವವರು ಎಷ್ಟು ತಿಂದರೂ ಬೀಜ ಉಳಿಯುವಂತೆ ಮಾಡುವ ಉಪಾಯ ಇದು. ನಡುವಿನ ವರ್ಷಗಳಲ್ಲಿ ತಿನ್ನಲು ಸಿಗುವ ಮರಗಳು ಅಲ್ಲೊಂದು ಇಲ್ಲೊಂದು. ಆದ್ದರಿಂದ ಬೇಗ ಬೇಗ ಬಹಳ ದೂರ ಓಡಾಡುವ ಪ್ರಾಣಿಗೆ ಲಾಭ. ಕೊಲುಗೊಗಳ ಸಮಯದ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಓತಿಗೆ? ಹೊಂದುವುದಿಲ್ಲ. ಅದು ತಿನ್ನುವುದು ಇರುವೆ. ಕಾಡು ಹಣ್ಣು ಬಿಟ್ಟರೇನು ಬಿಡದಿದ್ದರೇನು, ಇರುವೆ ಅದೇ ಕಾಂಡದ ಮೇಲೆ ಸಾಲಾಗಿ ಹೋಗುತ್ತಿರುತ್ತದೆ. ಓತಿ ತೇಲುವುದು ಹೆಣ್ಣಿಗಾಗಿ, ಜಾಗದ ಜಗಳಕ್ಕಾಗಿ, ಹಾವು ಹಕ್ಕಿಗಳಿಂದ ತಪ್ಪಿಸಿಕೊಳ್ಳಲು. ಕಪ್ಪೆಯನ್ನು ತೆಗೆದುಕೊಳ್ಳಿ. 1855ರ ಸುಮಾರಿಗೆ ಬೋರ್ನಿಯೋದ ಸರವಾಕ್‌ನಲ್ಲಿ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್‌ಗೆ ಒಬ್ಬ ಚೀನೀ ಕೆಲಸಗಾರ ದೊಡ್ಡದೊಂದು ಕಪ್ಪೆ ತಂದುಕೊಟ್ಟ. ಎತ್ತರದ ಮರದಿಂದ ಓರೆಯಾಗಿ ಹಾರಿದಂತೆ ಇಳಿದು ಬಂತು ಅಂದ. ವಾಲೇಸ್ ಅಳತೆ ಮಾಡಿದ. ನಾಲ್ಕು ಇಂಚಿನ ದೇಹಕ್ಕೆ ನಾಲ್ಕೂ ಪಾದಗಳ ಪೊರೆ ಸೇರಿಸಿದರೆ ಸುಮಾರು 12 ಚದರ ಇಂಚು! ಈ ಕಪ್ಪೆ ಬದುಕುವುದು ಮೇಲೆ, ಮೊಟ್ಟೆಯ ನೊರೆಗೂಡು ಕಟ್ಟುವುದು ಕೆಳಗೆ ನೀರಿನ ಹತ್ತಿರ. ಅದಕ್ಕೆ ತೇಲುವುದು ಇಳಿಯುವ ದಾರಿ. ಒಂದೇ ಉತ್ತರ ಹುಡುಕುತ್ತಿರುವುದೇ ಇಲ್ಲಿನ ಎಡವಟ್ಟು ಎಂಬ ಅನುಮಾನ ನನಗೆ ಬರುವುದು ಇಲ್ಲೇ.

ಎಣಿಸುವ ರೀತಿಯೇ ಬೇರೆಯಾದರೆ

'ಬೋರ್ನಿಯೋದಲ್ಲಿ ತೇಲುವ ಪ್ರಾಣಿಗಳು ಜಾಸ್ತಿ' ಎನ್ನುವಾಗ ನಾವು ಎಣಿಸುವುದು ಜಾತಿಗಳನ್ನು. ಆದರೆ ವಿಕಾಸದ ಪ್ರಶ್ನೆಗೆ ಎಣಿಸಬೇಕಾದದ್ದು ಅದನ್ನಲ್ಲ. ತೇಲುವ ವಿದ್ಯೆ ಎಷ್ಟು ಸಲ ಹೊಸದಾಗಿ ಹುಟ್ಟಿತು ಎಂಬುದನ್ನು. ಹಾರುವ ಅಳಿಲುಗಳು ಎಷ್ಟೇ ಜಾತಿ ಇರಲಿ, ಅವುಗಳ ವಂಶದಲ್ಲಿ ಪೊರೆ ಹುಟ್ಟಿದ್ದು ಒಂದೇ ಸಲ. ಅದೂ ಬೋರ್ನಿಯೋದಲ್ಲೇ ಹುಟ್ಟಿತು ಎನ್ನಲು ಆಧಾರ ಇಲ್ಲ. ಸ್ಪೇನಿನ ಬಾರ್ಸಿಲೋನಾ ಹತ್ತಿರ 1.16 ಕೋಟಿ ವರ್ಷ ಹಳೆಯ ಹಾರುವ ಅಳಿಲಿನ ಅಸ್ಥಿಪಂಜರ ಸಿಕ್ಕಿದೆ. ಇಂದಿಗೂ ಸೈಬೀರಿಯಾ, ಕೆನಡಾಗಳ ಚಳಿಕಾಡುಗಳಲ್ಲಿ ಹಾರುವ ಅಳಿಲುಗಳಿವೆ. ಹಾಗೆಯೇ ಹಾರುವ ಓತಿಗಳ ನಲವತ್ತು ಜಾತಿಗೆ ಒಂದು ಹುಟ್ಟು. ಹಾರುವ ಹಾವುಗಳ ಐದು ಜಾತಿಗೆ ಒಂದು.

ಈ ರೀತಿ ಎಣಿಸಿದರೆ ಆಸ್ಟ್ರೇಲಿಯಾ ಥಟ್ಟನೆ ಮುಂದೆ ಬರುತ್ತದೆ. ಅಲ್ಲಿ ಹೊಟ್ಟೆಚೀಲದ ಸಸ್ತನಿಗಳಲ್ಲೇ ತೇಲುವುದು ಮೂರು ಸಲ ಬೇರೆ ಬೇರೆಯಾಗಿ ಹುಟ್ಟಿದೆ. ಇಲಿಗಿಂತ ಚಿಕ್ಕ ಫೆದರ್‌ಟೇಲ್ ಗ್ಲೈಡರ್ ಒಂದು ಸಲ, ಶುಗರ್ ಗ್ಲೈಡರ್ ಬಳಗ ಒಂದು ಸಲ, ಗ್ರೇಟರ್ ಗ್ಲೈಡರ್ ಒಂದು ಸಲ. ಪೊರೆಯ ವಿನ್ಯಾಸವೇ ಇದಕ್ಕೆ ಸಾಕ್ಷಿ. ಶುಗರ್ ಗ್ಲೈಡರ್‌ನ ಪೊರೆ ಕೈಯ ತುದಿಯವರೆಗೆ ಬರುತ್ತದೆ. ಗ್ರೇಟರ್ ಗ್ಲೈಡರ್‌ನದು ಮೊಣಕೈಗೇ ನಿಲ್ಲುತ್ತದೆ, ಆದ್ದರಿಂದ ಅದು ಕೈ ಮಡಚಿ, ಮುಂಗೈ ಗಲ್ಲದ ಕೆಳಗೆ ಇಟ್ಟುಕೊಂಡು ತೇಲುತ್ತದೆ.

ಈ ಗ್ರೇಟರ್ ಗ್ಲೈಡರ್ ನನ್ನ ಮೆಚ್ಚಿನ ಸಾಕ್ಷಿ. ಇದು ತಿನ್ನುವುದು ನೀಲಗಿರಿ ಎಲೆ. ಪೌಷ್ಟಿಕಾಂಶ ಕಡಿಮೆ, ವಿಷ ಜಾಸ್ತಿ. ಇರುವುದು ಮರಗಳು ದೂರ ದೂರ ನಿಂತ ಬಯಲು ಕಾಡಿನಲ್ಲಿ. ಇದರ ಅತಿ ಹತ್ತಿರದ ನೆಂಟ ಲೆಮುರಾಯ್ಡ್ ಪಾಸಮ್ ಎಂಬ ಪ್ರಾಣಿ. ಅದು ಕ್ವೀನ್ಸ್‌ಲ್ಯಾಂಡಿನ ದಟ್ಟ ಮಳೆಕಾಡಿನಲ್ಲಿದೆ. ಅದಕ್ಕೆ ತೇಲಲು ಬರುವುದಿಲ್ಲ. ಆದರೆ ಕೈಕಾಲು ಚಾಚಿ ಕೊಂಬೆಯಿಂದ ಕೊಂಬೆಗೆ ದೊಡ್ಡ ದೊಡ್ಡ ನೆಗೆತ ಹಾಕುತ್ತದೆ. ಮೈಯ ಪಕ್ಕದಲ್ಲಿ ಸಣ್ಣ ಚರ್ಮದ ಮಡಿಕೆ ಕೂಡ ಇದೆ. ಒಂದೇ ವಂಶ, ಎರಡು ಕಾಡು. ಕೊಂಬೆಗೆ ಕೊಂಬೆ ತಾಗುವ ಕಡೆ ನೆಗೆತ ಸಾಕಾಯಿತು. ಮರಗಳ ನಡುವೆ ಅಂತರ ಬಿದ್ದ ಕಡೆ ಆ ಮಡಿಕೆ ದೊಡ್ಡದಾಯಿತು. ಹೋಲಿಕೆಗೆ ಇಷ್ಟು ಹದವಾದ ಜೋಡಿ ಸಿಗುವುದು ಅಪರೂಪ. ಅಲ್ಲದೆ ಇಲ್ಲಿ ಮುಖ್ಯವಾದದ್ದು ಅಂತರ. ಮಳೆಕಾಡೇ ಬೇಕು ಅಂತ ಏನೂ ಇಲ್ಲ.

2024ರಲ್ಲಿ ಈ ಪ್ರಾಣಿಗಳ ಜೀನ್‌ಗಳನ್ನು ಹೋಲಿಸಿದ ಅಧ್ಯಯನ ಬಂತು. ಇಎಮ್‌ಎಕ್ಸ್2 ಎಂಬ ಜೀನ್ ಪೊರೆ ಬೆಳೆಸುವಲ್ಲಿ ಮುಖ್ಯ ಎಂದು ಕಂಡಿತು. ಶುಗರ್ ಗ್ಲೈಡರ್ ಮರಿಗಳಲ್ಲಿ ಅದನ್ನು ತಗ್ಗಿಸಿದಾಗ ಪೊರೆ ಸರಿಯಾಗಿ ಬೆಳೆಯಲಿಲ್ಲ. ಆ ಜೀನ್ ತೇಲದ ಸಸ್ತನಿಗಳಲ್ಲೂ ಇದೆ, ಬೇರೆ ಕೆಲಸ ಮಾಡುತ್ತದೆ. ತೇಲುವ ವಂಶಗಳಲ್ಲಿ ಬದಲಾದದ್ದು ಅದರ ಪಕ್ಕದ ಸ್ವಿಚ್‌ಗಳು: ಯಾವಾಗ, ಎಲ್ಲಿ, ಎಷ್ಟು ಹೊತ್ತು ಜೀನ್ ಕೆಲಸ ಮಾಡಬೇಕು ಎಂದು ಹೇಳುವ ಡಿಎನ್‌ಎ ತುಣುಕುಗಳು. ಅವೂ ಒಂದೊಂದು ವಂಶದಲ್ಲಿ ಬೇರೆ ಬೇರೆಯಾಗಿ ಬದಲಾಗಿವೆ. ಹೊಸ ಅಂಗಕ್ಕೆ ಹೊಸ ಜೀನ್ ಬೇಕಿಲ್ಲ ಎಂದಾಯಿತು.

ಅರ್ಧ ರೆಕ್ಕೆಯಿಂದ ಏನು ಲಾಭ

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಉತ್ತರ ವಿಚಿತ್ರವಾಗಿ ಅಮೆಜಾನ್‌ನಲ್ಲೇ ಇದೆ. 2005ರಲ್ಲಿ ಸ್ಟೀಫನ್ ಯಾನೋವಿಯಾಕ್, ಡಡ್ಲಿ ಮತ್ತು ಮೈಕೆಲ್ ಕಾಸ್ಪರಿ ಅಮೆರಿಕದ ಉಷ್ಣವಲಯದ ಒಂದು ಕಪ್ಪು ಮರ ಇರುವೆಯ ಬಗ್ಗೆ ಬರೆದರು. ಕೊಂಬೆಯಿಂದ ಬೀಳಿಸಿದರೆ ಅದು ಮೊದಲು ನೇರ ಬೀಳುತ್ತದೆ. ಆಮೇಲೆ ಗಾಳಿಯಲ್ಲೇ ಮೈ ತಿರುಗಿಸಿ, ಹಿಂಭಾಗ ಮುಂದೆ ಮಾಡಿಕೊಂಡು, ತಾನು ಬಿದ್ದ ಮರದ ಕಾಂಡಕ್ಕೇ ಬಂದು ಅಂಟುತ್ತದೆ. ರೆಕ್ಕೆ ಇಲ್ಲ, ಪೊರೆ ಇಲ್ಲ, ಏನೂ ಇಲ್ಲ. ನೆಲಕ್ಕೆ ಬಿದ್ದ ಇರುವೆಗೆ ಗೂಡಿಗೆ ಮರಳುವುದು ಕಷ್ಟ, ಆದ್ದರಿಂದ ಬೀಳುತ್ತಲೇ ದಿಕ್ಕು ಬದಲಿಸುವ ಶಕ್ತಿಯೇ ಅದಕ್ಕೆ ಜೀವ ಉಳಿಸುವ ವಿದ್ಯೆ. ದಿಕ್ಕು ತಿರುಗಿಸುವುದು ಮೊದಲು ಬಂತು, ಮೇಲೆತ್ತುವ ರೆಕ್ಕೆ ಆಮೇಲೆ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಹಾರುವ ಹಾವು ಇದನ್ನೇ ಇನ್ನೊಂದು ರೀತಿ ತೋರಿಸುತ್ತದೆ. ಅದಕ್ಕೂ ಪೊರೆ ಇಲ್ಲ. ಕೊಂಬೆಯಿಂದ ನೇತಾಡಿ, ಮುಂಭಾಗ ಕೊಕ್ಕೆಯಂತೆ ಮೇಲೆ ಎತ್ತಿ, ಚಿಮ್ಮುತ್ತದೆ. ಚಿಮ್ಮಿದ ಕೂಡಲೇ ಪಕ್ಕೆಲುಬು ಅಗಲಿಸಿ ಮೈ ಚಪ್ಪಟೆ ಮಾಡುತ್ತದೆ, ಅಗಲ ಸುಮಾರು ಎರಡು ಪಟ್ಟಾಗುತ್ತದೆ. ಆಮೇಲೆ ಗಾಳಿಯಲ್ಲೇ ಹರಿದಾಡುತ್ತದೆ. ಈ ಹರಿದಾಟ ನೆಲದ ಮೇಲಿನ ಹಳೇ ಅಭ್ಯಾಸವೋ, ನಿಜವಾಗಿ ಉಪಯೋಗವಿದೆಯೋ ಎಂಬುದು ಬಹಳ ದಿನದ ಪ್ರಶ್ನೆ. ಜೇಕ್ ಸೋಚಾ ತಂಡ 2020ರಲ್ಲಿ ಅದನ್ನು ಬಿಡಿಸಿತು. ಹಾವಿನ ಚಲನೆಯನ್ನು ಕ್ಯಾಮೆರಾದಲ್ಲಿ ಅಳೆದು ಕಂಪ್ಯೂಟರ್ ಮಾದರಿ ಮಾಡಿದರು. ಮಾದರಿಯಲ್ಲಿ ಹರಿದಾಟ ನಿಲ್ಲಿಸಿದರೆ ಹಾವು ಗಾಳಿಯಲ್ಲಿ ಮಗುಚಿಕೊಳ್ಳುತ್ತದೆ. ಹಳೆಯ ಚಲನೆಗೆ ಹೊಸ ಕೆಲಸ ಸಿಕ್ಕಿತ್ತು.

ಬೋರ್ನಿಯೋದ ಹಾರುವ ಹಲ್ಲಿಗೆ ಮೈ ಪಕ್ಕದಲ್ಲಿ ಚರ್ಮದ ಪಟ್ಟಿ ಇದೆ. ಅದನ್ನು ಬಿಚ್ಚಲು ಸ್ನಾಯು ಇಲ್ಲ, ಬೀಳುವಾಗ ಗಾಳಿಯೇ ಬಿಚ್ಚುತ್ತದೆ. ತೊಗಟೆಯ ಮೇಲೆ ಕೂತಾಗ ಅದೇ ಪಟ್ಟಿ ಮೈಯ ನೆರಳನ್ನು ಮುಚ್ಚಿ ಹಲ್ಲಿಯನ್ನು ಮರೆಮಾಡುತ್ತದೆ. ಮರೆಮಾಚಲು ಬಂದದ್ದು ತೇಲಲು ಒದಗಿತು ಎಂದು ಊಹಿಸುವುದು ಕಷ್ಟವಲ್ಲ. ವಾಲೇಸ್ ಕೂಡ ಆ ಕಪ್ಪೆಯನ್ನು ನೋಡಿ ಇಂಥದ್ದೇ ಮಾತು ಬರೆದಿದ್ದ: ಈಜಲು ಮತ್ತು ಹತ್ತಲು ಆಗಲೇ ಮಾರ್ಪಟ್ಟಿದ್ದ ಬೆರಳುಗಳು ಗಾಳಿಗೂ ಒದಗಿ ಬಂದಿವೆ ಎಂದು.

ಕಾಲದ ಲೆಕ್ಕ ಮತ್ತು ನನ್ನ ತೀರ್ಮಾನ

ಎತ್ತರದ ವಾದ ಸರಿ ಇದ್ದರೆ, ಮೊದಲು ಎತ್ತರದ ಕಾಡು ಬರಬೇಕು, ಆಮೇಲೆ ತೇಲುವ ಪ್ರಾಣಿ. ಗುಜರಾತಿನ ವಸ್ತಾನ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ಸಿಕ್ಕಿದೆ. ಅಂದರೆ ಕಲ್ಲಾದ ಮರದ ರಾಳ. ಅದನ್ನು ಸುರಿಸಿದ್ದು ಡಿಪ್ಟೆರೋಕಾರ್ಪ್ ಮರಗಳು. ಭಾರತದ ಭೂಭಾಗ ಏಷ್ಯಾಕ್ಕೆ ಬಂದು ಸೇರುವಾಗ ಈ ಮರಗಳೂ ಅದರ ಜೊತೆ ಬಂದು ಪೂರ್ವಕ್ಕೆ ಹಬ್ಬಿದವು ಎಂಬುದು ಈಗ ಬಲವಾದ ವಾದ. 2012ರಲ್ಲಿ ಹಾರುವ ಹಲ್ಲಿಗಳ ಡಿಎನ್‌ಎ ಅಧ್ಯಯನ ಮಾಡಿದ ತಂಡ, ಅವುಗಳ ಜೊತೆ ಏಷ್ಯಾದ ಬೇರೆ ತೇಲುವ ವಂಶಗಳ ವಯಸ್ಸನ್ನೂ ಇಟ್ಟು ನೋಡಿತು. ಈ ಕಾಡು ಬೆಳೆದ ಕಾಲಕ್ಕೂ ಅವು ಹುಟ್ಟಿದ ಕಾಲಕ್ಕೂ ತಾಳೆ ಆಯಿತು.

ಆದ್ದರಿಂದ ನನಗೆ ಅನ್ನಿಸುವುದು ಇಷ್ಟು. ಎತ್ತರ ಮತ್ತು ಅಂತರ ತೇಲುವುದಕ್ಕೆ ಅವಕಾಶ ಮಾಡಿಕೊಟ್ಟವು. ಕಾರಣ ಕೊಟ್ಟದ್ದು ಅವಲ್ಲ. ಕಾರಣ ಪ್ರತಿ ಪ್ರಾಣಿಗೆ ಬೇರೆ: ಕೊಲುಗೊಗೆ ಸಮಯ, ಓತಿಗೆ ಜಾಗದ ಜಗಳ, ಕಪ್ಪೆಗೆ ನೀರು. ಹಸಿವಿನ ವಾದ ಸಸ್ತನಿಗಳಿಗೆ ಸರಿ, ಉಳಿದವಕ್ಕೆ ಅಷ್ಟಕ್ಕಷ್ಟೆ. ಬಳ್ಳಿಯ ವಾದವನ್ನು ನಾನು ಬಿಟ್ಟುಬಿಡುತ್ತೇನೆ, ಅದರೊಳಗಿನ 'ಅಂತರ' ಎಂಬ ತಿರುಳನ್ನು ಮಾತ್ರ ಇಟ್ಟುಕೊಂಡು.

ಆಫ್ರಿಕಾ ಈ ಚೌಕಟ್ಟಿಗೆ ಹೆಚ್ಚೇನೂ ತೊಂದರೆ ಕೊಡುವುದಿಲ್ಲ. ಅಲ್ಲಿ ಅನಾಮಲೂರ್ ಎಂಬ ತೇಲುವ ದಂಶಕಗಳಿವೆ. ನೋಡಲು ಹಾರುವ ಅಳಿಲಿನ ಹಾಗೇ ಇದ್ದರೂ ಅವಕ್ಕೂ ಅಳಿಲಿಗೂ ನೆಂಟಸ್ತಿಕೆ ದೂರದ್ದು. ಬಾಲದ ಬುಡದಲ್ಲಿ ಒರಟು ಹುರುಪೆಗಳಿವೆ, ಕಾಂಡದ ಮೇಲೆ ಜಾರದಂತೆ ಹಿಡಿಯಲು. ಅವುಗಳ ನೆಂಟ ಜೆಂಕೆರೆಲ್ಲಾಗೆ ಹುರುಪೆ ಇದೆ, ಪೊರೆ ಇಲ್ಲ.

ಗಂಟು ಉಳಿಯುವುದು ಅಮೆಜಾನ್‌ನಲ್ಲಿ. ಎತ್ತರದ ಮರ ಇದೆ, ಗಾಳಿಯಲ್ಲಿ ದಿಕ್ಕು ತಿರುಗಿಸುವ ಇರುವೆ ಇದೆ, ಪ್ಯಾರಾಶೂಟ್ ಮಾಡುವ ಮರಗಪ್ಪೆಗಳೂ ಇವೆ. ಸಸ್ತನಿ ಮಾತ್ರ ಇಲ್ಲ. ಇಲ್ಲಿ ಕಾಡಿಗಿಂತ ಚರಿತ್ರೆ ಕಡೆ ನೋಡಬೇಕು ಎಂದು ನನ್ನ ವಾದ. ದಕ್ಷಿಣ ಅಮೆರಿಕ ಕೋಟ್ಯಂತರ ವರ್ಷ ದ್ವೀಪವಾಗಿತ್ತು. ಉತ್ತರಕ್ಕೆ ನೆಲದ ದಾರಿ ಪೂರ್ತಿಯಾಗಿ ಕೂಡಿಕೊಂಡದ್ದು ಸುಮಾರು 30 ಲಕ್ಷ ವರ್ಷದ ಹಿಂದೆ. ಅಳಿಲುಗಳು ಅಲ್ಲಿಗೆ ಬಂದದ್ದು ತೀರ ಈಚೆಗೆ. ಅಷ್ಟರಲ್ಲಿ ಮರದ ಮೇಲಿನ ಜಾಗವನ್ನು ಬಾಲ ಸುತ್ತುವ ಪ್ರಾಣಿಗಳು ಹಿಡಿದಿದ್ದವು. ಉತ್ತರ ಅಮೆರಿಕದ ಹಾರುವ ಅಳಿಲೊಂದು ಇಂದಿಗೂ ಮಧ್ಯ ಅಮೆರಿಕದ ಹೊಂಡುರಾಸ್‌ವರೆಗೆ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಅದು ದಾಟಿಲ್ಲ. ಅಲ್ಲೂ ಅದು ಇರುವುದು ಬೆಟ್ಟದ ಮೇಲಿನ ಪೈನ್, ಓಕ್ ಕಾಡುಗಳಲ್ಲಿ, ಕೆಳಗಿನ ಮಳೆಕಾಡಿನಲ್ಲಲ್ಲ.